ಕೆರೆಯ ದಾರಿಯಲ್ಲಿ ಕಾಣೆಯಾದ ಅಕ್ಕ

ಹನುಮಪ್ಪನನ್ನು ನಂಬಿ ಬದುಕುವ ತಮ್ಮೆಲ್ಲರಿಗೂ ಶರಣು. ನಾನು ಯಲಬುರ್ಗಾದ ಶಾಲೆಯೊಂದರ ಶಿಕ್ಷಕಿ, ಹೆಸರು ಸರಸ್ವತಿ. ಅಕ್ಕ ಶಾಂತವ್ವನಿಗೆ ಮರೆವಿನ ಕಾಯಿಲೆ ಬಂದು ಮೂರು ವರ್ಷವಾಯಿತು. ಅವಳಿಗೆ ನಾನು, ನನಗೆ ಅವಳು, ಬೇರೆ ಯಾರೂ ಇಲ್ಲ. ಸ್ನಾನ, ಊಟ, ಮಾತ್ರೆ, ಕೇಳಿದ್ದನ್ನೇ ಕೇಳಿದರೆ ಹೇಳಿದ್ದನ್ನೇ ಹೇಳುವುದು. ನನಗೆ ಸಾಕಾಗಿ ಹೋಗಿತ್ತು.

ಕಳೆದ ಚಳಿಗಾಲದ ಒಂದು ಭಾನುವಾರ ನಮ್ಮ ಶಿಕ್ಷಕರೆಲ್ಲ ಇರಕಲ್ಲಗಡದ ಕಡೆ ಗುಡ್ಡ ಸುತ್ತಲು ಹೊರಟರು. ಮೂರು ದಾರಿ ಗೊತ್ತುಮಾಡಿದ್ದರು. ಕೆರೆಯ ದಂಡೆಯದು ಸಲೀಸು, ಗುಡ್ಡದ ಬುಡ ಸುತ್ತುವುದು ಸ್ವಲ್ಪ ಕಷ್ಟ, ಬಂಡೆ ಹತ್ತಿ ನೆತ್ತಿಗೆ ಹೋಗುವುದು ಬಲು ಕಷ್ಟ. ಅಕ್ಕನನ್ನೂ ಕರೆದುಕೊಂಡು ಹೋಗಿದ್ದೆ.

"ನೀವು ಗುಡ್ಡ ಹತ್ರಿ ಮೇಡಂ. ಅಕ್ಕಾರನ್ನ ನಾ ಕೆರಿ ದಾರ್ಯಾಗ ಕರ್ಕೊಂಡು ಹೋಗ್ತೀನಿ," ಎಂದರು ಜೊತೆಯ ಶಿಕ್ಷಕಿ ರೇಣುಕಾ.

ಹತ್ತಿದೆ. ನೆತ್ತಿಯ ಮೇಲೆ ಒಬ್ಬಳೇ ಕುಳಿತಾಗ ಅಳು ಬಂತು. "ಹನುಮಪ್ಪಾ, ಈ ಭಾರ ಇಳಿಸು," ಎಂದುಬಿಟ್ಟೆ.

ಕೆಳಗಿಳಿದಾಗ ರೇಣುಕಾ ಓಡಿ ಬಂದರು. "ನೀರು ತರಾಕ ಹೋಗಿದ್ದೆ ಮೇಡಂ, ಬರೂದ್ರಾಗ ಅಕ್ಕಾರು ಇಲ್ರಿ!"

ನೆತ್ತಿಯ ಮೇಲೆ ನಾನು ಬೇಡಿದ್ದು ಇದನ್ನೇ ಅಲ್ಲವೇ? ಬಿಸಿಲಲ್ಲಿ ಜೋಳದ ಹೊಲ, ಜಾಲಿ ಪೊದೆ, ಹಾಳು ಬಾವಿ ಎಲ್ಲ ಹುಡುಕಿದೆವು. ಪ್ರತಿ ಬಾವಿಗೆ ಬಗ್ಗುವಾಗಲೂ ಕಣ್ಣು ಮುಚ್ಚಿಕೊಳ್ಳುತ್ತಿದ್ದೆ. ಕಡೆಗೆ ದಾರಿಯಲ್ಲೇ ಕುಸಿದು, "ತಪ್ಪಾಯಿತು ತಂದೆ, ನನ್ನ ಭಾರ ನನಗೆ ಕೊಡು," ಎಂದು ಬೇಡಿಕೊಂಡೆ.

ಹೊತ್ತು ಇಳಿಯುತ್ತಿತ್ತು. ಹಳ್ಳದ ಕಡೆಯಿಂದ ಕುರಿ ಕಾಯುವ ಮುದುಕಿಯೊಬ್ಬಳು ಅಕ್ಕನ ಕೈ ಹಿಡಿದು ಬಂದಳು.

"ಸರಸಿ ಅಂದ್ರ ಯಾರ್ರಿ? ಹಳ್ಳದಾಗ ಕುಂತು ಒಂದ ಸವನ ಸರಸಿ, ಸರಸಿ ಅಂತ ಒದರಾಕತ್ತಿದ್ಳು. ಅದನ್ನ ಕೇಳೇ ನಾ ಹೋದೆ."

ಅಕ್ಕ ನನ್ನ ಹೆಸರು ಹಿಡಿದು ಕರೆಯದೆ ವರ್ಷವೇ ಆಗಿತ್ತು. ಓಡಿಹೋಗಿ ತಬ್ಬಿಕೊಂಡೆ. ಅವಳು ನನ್ನ ಮುಖ ನೋಡಿ, "ನೀ ಯಾರವ್ವಾ?" ಎಂದಳು.

ಕೊಪ್ಪಳದ ಆಸ್ಪತ್ರೆಯಲ್ಲಿ ಕಾಲಿನ ಮುಳ್ಳು ತೆಗೆದು, ಸಲೈನ್ ಹಾಕಿ ಕಳಿಸಿದರು. ಯಲಬುರ್ಗಾದ ಬಸ್ಸಿನಲ್ಲಿ ರೇಣುಕಾ ಬಿಕ್ಕುತ್ತಲೇ ಇದ್ದರು. "ಇನ್ನ ಮ್ಯಾಲ ಭಾನುವಾರ ಭಾನುವಾರ ನಾ ಬಂದು ಅಕ್ಕಾರ ಜೋಡಿ ಕುಂದರ್ತೀನ್ರಿ. ಬ್ಯಾಡ ಅನಬ್ಯಾಡ್ರಿ."

ಅಂದಿನಿಂದ ಅವರು ತಪ್ಪಿಸಿಲ್ಲ. ಅಕ್ಕ ಗುಣವಾಗಿಲ್ಲ, ನನ್ನ ದಣಿವೂ ಪೂರ್ತಿ ಹೋಗಿಲ್ಲ. ಮೊದಲ ಭಾನುವಾರ ಅಕ್ಕನನ್ನು ಅವರಿಗೊಪ್ಪಿಸಿ ಹೊರಗೆ ಹೋಗಲು ಹೊಸ್ತಿಲಿನವರೆಗೆ ಬಂದು ಎರಡು ಸಲ ಹಿಂದಿರುಗಿದೆ. ಹನುಮಪ್ಪನ ಮೇಲೆ ಭಾರ ಹಾಕಿ ದಾಟಿದೆ. ಮನೆಗೆ ಮರಳಿದಾಗ ಅಕ್ಕ ರೇಣುಕಾ ಅವರ ಕೈಯಿಂದ ಉಣ್ಣುತ್ತಿದ್ದಳು.