ಸೀನಿದರೆ ಉದುರುವ ಹಲ್ಲು

ಹಲ್ಲು ಕಟ್ಟುವ ಕಸುಬಿನವನಾದ್ದರಿಂದ ಊರಿನವರು ಅವನನ್ನು ಹಲ್ಲಣ್ಣ ಎನ್ನುತ್ತಿದ್ದರು. ವೈದ್ಯರು ಬಾಯಿಯ ಅಚ್ಚು ತೆಗೆದು ಕಳಿಸಿದರೆ ಅದರ ಮೇಲೆ ಹಲ್ಲಿನ ಸೆಟ್ಟು ಕೂರಿಸುವುದು ಅವನ ಕೆಲಸ. ಕೆಲಸದಲ್ಲಿ ಎತ್ತಿದ ಕೈ. ಬಸ್ಸು ಹತ್ತಿದರೆ ಮಾತ್ರ ಬುದ್ಧಿ ಮಂಡಿಗಿಳಿಯುತ್ತಿತ್ತು. ಜೇಬಿನಲ್ಲಿ ಒಂದು ತಮಾಷೆಯ ಸೆಟ್ಟು ಸದಾ ಇರುತ್ತಿತ್ತು: ಹಳದಿ ಬಣ್ಣ, ಒಂದೊಂದು ಹಲ್ಲು ಒಂದೊಂದು ದಿಕ್ಕಿಗೆ. ಪಕ್ಕದವರು ತೂಕಡಿಸುವ ಹೊತ್ತಿಗೆ ಜೋರಾಗಿ ಸೀನಿ, ಕರವಸ್ತ್ರದೊಳಗಿಂದ ಅದನ್ನು ಅವರ ತೊಡೆಯ ಮೇಲೆ ಉದುರಿಸುವುದು. ಆಮೇಲೆ ತುಟಿ ಒಳಗೆಳೆದುಕೊಂಡು, "ಸ್ವಲ್ಪ ಎತ್ತಿಕೊಡ್ತೀರಾ?" ಎಂದು ತೊದಲುವುದು. ಇದನ್ನು ಅವನು ಜಾದೂ ಎನ್ನುತ್ತಿದ್ದ. ಹೆಂಡತಿ ಅವನ ಜೊತೆ ಪ್ರಯಾಣ ಮಾಡುವುದನ್ನೇ ಬಿಟ್ಟಿದ್ದಳು.

ಆ ತಮಾಷೆಯ ಸೆಟ್ಟನ್ನು ಮಾಡಿದ್ದು ಅವನ ಅಕ್ಕನ ಅಚ್ಚಿನ ಮೇಲೆ. ಅಕ್ಕ ಶಾಲೆಯ ಟೀಚರು, ತಾಯಿ ಸತ್ತ ಮೇಲೆ ಅವನನ್ನು ಸಾಕಿದವಳು. ಮೇಲಿನ ಹಲ್ಲೆಲ್ಲ ಹೋಗಿ ಎರಡು ವರ್ಷವಾಗಿತ್ತು. ಬಾಯಿಗೆ ಕೈ ಅಡ್ಡ ಹಿಡಿಯದೆ ಮಾತಾಡುತ್ತಿರಲಿಲ್ಲ. ತಮ್ಮನೇ ಹಲ್ಲು ಕಟ್ಟುವಾಗ ಬೇರೆಯವರ ಹತ್ತಿರ ಯಾಕೆ ಹೋಗಲಿ ಎಂದು ಕಾದಳು. ತಮಾಷೆಯ ಸೆಟ್ಟಿಗೆ ಅವನಿಗೆ ಒಂದು ಸಂಜೆ ಸಾಕಾಗಿತ್ತು. ನಿಜವಾದದ್ದಕ್ಕೆ ಎರಡು ವರ್ಷ ಬಿಡುವಾಗಲಿಲ್ಲ. ಊರಿಗೆ ಉಪಕಾರಿ, ಮನೆಗೆ ಮಾರಿ ಎನ್ನುವುದು ಇಂಥವರನ್ನು ನೋಡಿಯೇ.

ಅಕ್ಕ ನಿವೃತ್ತಳಾಗುವ ದಿನ ಬಂತು. ಮಧ್ಯಾಹ್ನ ಬೀಳ್ಕೊಡುಗೆ, ಅವಳು ಭಾಷಣ ಮಾಡಬೇಕು. ಹಲ್ಲಣ್ಣ ಕೊನೆಗೂ ಕಟ್ಟಿ ಮುಗಿಸಿದ ಹೊಸ ಸೆಟ್ಟನ್ನು ಡಬ್ಬಿಯಲ್ಲಿಟ್ಟುಕೊಂಡು ಬೆಳಗಿನ ಬಸ್ಸು ಹತ್ತಿದ. ಅಷ್ಟು ಚೆಂದದ ಹಲ್ಲನ್ನು ಅವನು ಹಿಂದೆಂದೂ ಕಟ್ಟಿರಲಿಲ್ಲ.

ಪಕ್ಕದಲ್ಲಿ ಪೇಪರ್ ಓದುತ್ತಿದ್ದ ಗಂಟುಮೋರೆಯ ಮನುಷ್ಯ. ಹಲ್ಲಣ್ಣ ಸೀನಿದ. ಆ ಮನುಷ್ಯ ತೊಡೆಯ ಮೇಲೆ ಬಿದ್ದ ಹಳದಿ ಸೆಟ್ಟನ್ನು ಎರಡು ಬೆರಳಲ್ಲಿ ಎತ್ತಿಕೊಟ್ಟು, "ಆಟದ ಸಾಮಾನು" ಎಂದು ಪುಟ ತಿರುಗಿಸಿದ.

ಕಸುಬುದಾರನಿಗೆ ಇದಕ್ಕಿಂತ ದೊಡ್ಡ ಬೈಗುಳ ಬೇಕೆ? ಹಲ್ಲಣ್ಣನ ಮೈಯೆಲ್ಲ ಉರಿಯಿತು. ಡಬ್ಬಿ ತೆರೆದ. ಈ ಸಲ ಇಡೀ ಬಸ್ಸಿಗೆ ಕೇಳುವಂತೆ ಸೀನಿದ. ಮಿರಮಿರ ಮಿಂಚುವ ಹಲ್ಲು ಕಂಡದ್ದೇ ಆ ಮನುಷ್ಯ ಹೌಹಾರಿ ಎದ್ದು ನಿಂತ. ಸೆಟ್ಟು ಕೆಳಗೆ ಜಾರಿತು. ಅವನ ಬೂಟು ಅದರ ಮೇಲೆ ಬಿತ್ತು. ಚಟ್ ಎಂದ ಸದ್ದಿಗೆ ಬಸ್ಸೆಲ್ಲ ಗೊಳ್ಳೆಂದು ನಕ್ಕಿತು, ಗಂಟುಮೋರೆಯವನೂ ನಕ್ಕ. ಹಲ್ಲಣ್ಣ ಅಭ್ಯಾಸಬಲದಿಂದ ಎದ್ದು ತಲೆಬಾಗಿದ. ಆಮೇಲೆ ಬಗ್ಗಿ ಎರಡು ತುಂಡುಗಳನ್ನು ಆರಿಸಿಕೊಂಡ.

ಶಾಲೆಯಲ್ಲಿ ಅಕ್ಕ ಡಬ್ಬಿ ತೆರೆದು ನೋಡಿದಳು. ಅಂಟಿಸಲು ಅಲ್ಲಿ ಸಾಮಾನೂ ಇರಲಿಲ್ಲ, ಹೊತ್ತೂ ಇರಲಿಲ್ಲ.

"ಬಸ್ಸಲ್ಲಿ ಸೀನಿದೆಯಾ?" ಕೈ ಅಡ್ಡ ಹಿಡಿದೇ ಕೇಳಿದಳು.

"ತಪ್ಪಾಯ್ತಕ್ಕ."

"ಜೇಬಲ್ಲಿ ಇನ್ನೊಂದು ಇದೆಯಲ್ಲ, ಅದು ಕೊಡು."

"ಅದು ಬೇಡಕ್ಕ, ಮರ್ಯಾದೆ ಹೋಗುತ್ತೆ."

"ಯಾರದ್ದು?"

ತೊಳೆದು ಹಾಕಿಕೊಂಡಳು. ಅವಳದೇ ಅಚ್ಚಲ್ಲವೆ, ಕೂದಲೆಳೆಯಷ್ಟೂ ಅಳತೆ ತಪ್ಪಿರಲಿಲ್ಲ.

ವೇದಿಕೆ ಹತ್ತಿ, ಎರಡು ವರ್ಷದ ಮೇಲೆ ಮೊದಲ ಸಲ ಬಾಯಿಯಿಂದ ಕೈ ತೆಗೆದು ನಕ್ಕಳು. ಶಾಲೆಗೆ ಶಾಲೆಯೇ ಬಿದ್ದು ಬಿದ್ದು ನಕ್ಕಿತು.

"ಮಕ್ಕಳೇ, ಈ ಹಲ್ಲು ಇಷ್ಟು ದಿನ ನನ್ನ ತಮ್ಮನ ಜೇಬಲ್ಲಿತ್ತು. ಊರಿಗೆಲ್ಲ ಹಲ್ಲು ಕಟ್ಟೋನು ಅವನೇ. ಮುಂದಿನ ಸಾಲಲ್ಲಿ ಕೂತಿದ್ದಾನೆ, ನೋಡಿ."

ಇನ್ನೂರು ತಲೆಗಳು ತಿರುಗಿದವು. ಅಕ್ಕ ಒಂದಕ್ಷರವೂ ತೊದಲದೆ ಅರ್ಧ ಗಂಟೆ ಮಾತಾಡಿದಳು. ಹಲ್ಲಣ್ಣ ಅಷ್ಟು ಹೊತ್ತೂ ಬಾಯಿಗೆ ಕೈ ಅಡ್ಡ ಹಿಡಿದು ಕೂತಿದ್ದ.