ಎಲ್ಲರ ರಕ್ತವೂ ಹನ್ನೊಂದರ ಮೇಲೆ

ಉಮಾಮಹೇಶ್ವರಿ ಯಾರನ್ನೂ ಸುಲಭಕ್ಕೆ ನಂಬುವ ಹೆಂಗಸಲ್ಲ. ಸಂತೆಯಲ್ಲಿ ತಕ್ಕಡಿಯ ತಳ ಮುಟ್ಟಿ ನೋಡಿಯೇ ಬೀನ್ಸ್ ಕೊಳ್ಳುವವಳು. "ನಿಂಗೆ ಯಡಿಯೂರಿನ ತೀರ್ಥದ ಮೇಲೂ ಅನುಮಾನ" ಎಂದು ಗಂಡ ರೇಗಿಸುತ್ತಿದ್ದ. ನಿಟ್ಟೂರಿನಿಂದ ಆರು ಕಿಲೋಮೀಟರ್ ಒಳಗಿನ ಒಂದು ಹಳ್ಳಿಯ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಇಪ್ಪತ್ತೆರಡು ವರ್ಷದಿಂದ ಅವಳು ಲ್ಯಾಬ್ ಟೆಕ್ನಿಷಿಯನ್. ಅನುಮಾನ ಪಡುವುದೇ ಆ ಕೆಲಸದ ಅರ್ಧ ಭಾಗ ಎನ್ನುವುದು ಅವಳ ಸಮರ್ಥನೆ.

ಮೂರು ವರ್ಷದ ಹಿಂದೆ ಮೇಲಿನಿಂದ ಆದೇಶ ಬಂತು. ಇನ್ನು ಮುಂದೆ ಪರೀಕ್ಷೆಗಳನ್ನು ತುಮಕೂರಿನ ಒಂದು ಖಾಸಗಿ ಕಂಪನಿ ಮಾಡುತ್ತದೆ, ಸರ್ಕಾರವೇ ಅದರ ಖರ್ಚು ಕೊಡುತ್ತದೆ. ಉಮಾಮಹೇಶ್ವರಿ ರಕ್ತ ತೆಗೆದು, ಟ್ಯೂಬಿಗೆ ಚೀಟಿ ಅಂಟಿಸಿ ಇಟ್ಟರೆ ಆಯಿತು. ಹನ್ನೊಂದು ಗಂಟೆಗೆ ಕಂಪನಿಯ ಶಿವರಾಜ್ ಬೈಕಿನಲ್ಲಿ ಬಂದು ಪೆಟ್ಟಿಗೆಯಲ್ಲಿ ತುಂಬಿಕೊಂಡು ಹೋಗುತ್ತಾನೆ. ಮಾರನೆಯ ಬೆಳಿಗ್ಗೆ ರಿಪೋರ್ಟು ಡಾಕ್ಟರ ಫೋನಿಗೆ ಬರುತ್ತದೆ. ಊರಿನವರಿಗೆ ಖುಷಿಯೇ ಆಯಿತು. ಗುಬ್ಬಿಗೋ ತುಮಕೂರಿಗೋ ಹೋಗಬೇಕಿದ್ದ ಪರೀಕ್ಷೆಗಳೆಲ್ಲ ಮನೆ ಬಾಗಿಲಲ್ಲೇ ಪುಕ್ಕಟೆ.

ಬೇಸಿಗೆಯ ಒಂದು ದಿನ ಶಿವರಾಜ್ ಪೆಟ್ಟಿಗೆ ತೆರೆದಾಗ ಅವಳು ಒಳಗೆ ಇಣುಕಿದಳು.

"ಐಸ್ ಎಲ್ಲಪ್ಪ?"

"ಬೆಳಿಗ್ಗೆ ಹಾಕಿದ್ದೆ ಅಕ್ಕ, ಕರಗೋಯ್ತು. ಇನ್ನೂ ಒಂಬತ್ತು ಸೆಂಟರ್‌ಗೆ ಹೋಗ್ಬೇಕು, ಬುಡಿ."

ಪೆಟ್ಟಿಗೆಯೊಳಗೆ ನೀರಿನ ಪಸೆಯೂ ಇರಲಿಲ್ಲ. ಅಂದಿನಿಂದ ಅವಳು ಬಸುರಿಯರ ತಾಯಿ ಕಾರ್ಡುಗಳನ್ನು ತಿರುವಿ ನೋಡತೊಡಗಿದಳು. ಹಿಮೋಗ್ಲೋಬಿನ್ ಒಬ್ಬಳದು ಹನ್ನೊಂದೂಕಾಲು, ಇನ್ನೊಬ್ಬಳದು ಹನ್ನೊಂದೂವರೆ, ಮತ್ತೊಬ್ಬಳದು ಹನ್ನೊಂದೂಮುಕ್ಕಾಲು. ಬಸುರಿಯರಿಗೆ ಇರಲೇಬೇಕಾದ ಹನ್ನೊಂದರ ಕೆಳಗೆ ಒಬ್ಬಳೂ ಇಲ್ಲ. ಅವಳೇ ನೋಡುತ್ತಿದ್ದ ಕಾಲದಲ್ಲಿ ಮೂವರಲ್ಲಿ ಒಬ್ಬಳಿಗೆ ಹತ್ತೂ ದಾಟುತ್ತಿರಲಿಲ್ಲ.

ಡಾಕ್ಟರ್ ಅನಂತರಾಜು ಕೆಲಸಕ್ಕೆ ಸೇರಿ ಮೂರು ವರ್ಷವಾದ ಹುಡುಗ. ಅವಳು ಹೇಳಿದ್ದನ್ನು ಕೇಳಿಸಿಕೊಂಡ. "ಕಬ್ಬಿಣದ ಮಾತ್ರೆ ಕೊಡ್ತಿದೀವಲ್ಲ ಮೇಡಂ, ಇಂಪ್ರೂವ್ ಆಗಿರ್ಬೋದು" ಎಂದ. ಆಮೇಲೆ, "ತಪ್ಪು ತಿಳ್ಕೋಬೇಡಿ. ನಿಮ್ ಕೆಲಸ ಕಿತ್ಕೊಂಡ್ರು ಅನ್ನೋ ಸಿಟ್ಟೇನಾದ್ರೂ..."

ಉಮಾಮಹೇಶ್ವರಿ ಕಾರ್ಡುಗಳನ್ನು ಎತ್ತಿಕೊಂಡು ಹೊರಬಂದಳು. ಆ ಸಿಟ್ಟು ಇದ್ದದ್ದು ನಿಜ. ತನ್ನ ಕಣ್ಣು ನೋಡುತ್ತಿರುವುದು ಮೋಸವನ್ನೋ, ತನ್ನ ಹೊಟ್ಟೆಕಿಚ್ಚನ್ನೋ ಎಂದು ಅವಳಿಗೇ ಗೊತ್ತಾಗದೆ ಹದಿನೈದು ದಿನ ಸುಮ್ಮನಿದ್ದಳು.

ಅಷ್ಟರಲ್ಲಿ ರೂಪಶ್ರೀ ಬಂದಳು. ಎಂಟು ತಿಂಗಳ ಬಸುರಿ; ನಾಲ್ಕು ಮೆಟ್ಟಿಲು ಹತ್ತುವಷ್ಟರಲ್ಲಿ ಏದುಸಿರು. ಜೊತೆಗೆ ಅತ್ತೆ ಹೊಂಬಾಳಮ್ಮ. ಹಿಂದಿನ ದಿನದ ರಿಪೋರ್ಟಿನಲ್ಲಿ ಹನ್ನೊಂದೂವರೆ ಎಂದಿತ್ತು. ಉಮಾಮಹೇಶ್ವರಿ ಅವಳ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದಳು. ಒಳಗೆ ಕೆಂಪೇ ಇಲ್ಲ, ಎಳನೀರಿನ ಗಂಜಿಯ ಬಿಳುಪು.

"ಬಸುರಿ ಹೆಂಗಸ್ರಿಗೆ ಏದುಸಿರು ಇದ್ದದ್ದೇ ಕಣವ್ವ" ಎಂದಳು ಹೊಂಬಾಳಮ್ಮ. "ಕಂಪ್ಯೂಟರ್‌ನಾಗೆ ಬಂದದ್ದು ಸುಳ್ಳಾಯ್ತದಾ?"

ಉಮಾಮಹೇಶ್ವರಿ ಬೀರುವಿನಿಂದ ಹಿಮೋಗ್ಲೋಬಿನ್ ಅಳೆಯುವ ಹಳೆಯ ಗಾಜಿನ ನಳಿಕೆ ತೆಗೆದಳು. ಆಸಿಡ್ ಬಾಟಲಿಯ ತಳದಲ್ಲಷ್ಟೇ ಉಳಿದಿತ್ತು. ರೂಪಶ್ರೀಯ ಬೆರಳು ಚುಚ್ಚಿ ರಕ್ತ ಬೆರೆಸಿ, ಹನಿಹನಿಯಾಗಿ ನೀರು ಬಿಡುತ್ತ ಪಕ್ಕದ ಗಾಜಿನ ಬಣ್ಣಕ್ಕೆ ಹೋಲಿಸಿದಳು. ನಳಿಕೆಯ ಆರೂವರೆಯ ಗೆರೆಯಲ್ಲಿ ಬಣ್ಣ ಕೂಡಿತು. ಆಸಿಡ್ ಹಳೆಯದು, ತಪ್ಪಿರಬಹುದು. ತನ್ನ ಬೆರಳನ್ನೇ ಚುಚ್ಚಿಕೊಂಡು ನೋಡಿದಳು. ಹನ್ನೆರಡು. ಅವಳದು ಯಾವಾಗಲೂ ಅಷ್ಟೇ. ಮತ್ತೆ ರೂಪಶ್ರೀಯದನ್ನು ನೋಡಿದಳು. ಮತ್ತೆ ಆರೂವರೆ.

ಬಾಗಿಲಲ್ಲಿ ನಿಂತು ನೋಡುತ್ತಿದ್ದ ಅನಂತರಾಜು ನೆಟ್ಟಗೆ ಹೋಗಿ ಆಂಬುಲೆನ್ಸಿಗೆ ಫೋನು ಮಾಡಿದ. ತುಮಕೂರಿನ ಜಿಲ್ಲಾಸ್ಪತ್ರೆಯಲ್ಲಿ ಮತ್ತೆ ಪರೀಕ್ಷೆ ಮಾಡಿ ಅಂದೇ ರಕ್ತ ಏರಿಸಿದರು. ಮೂರು ವಾರದ ಮೇಲೆ ಅಲ್ಲೇ ಹೆರಿಗೆಯಾಯಿತು. ತಾಯಿ ಮಗು ಇಬ್ಬರೂ ಉಳಿದರು.

ರೂಪಶ್ರೀಯನ್ನು ಕಳಿಸಿದ ಮಾರನೆಯ ದಿನ ಉಮಾಮಹೇಶ್ವರಿ ರಜೆ ಹಾಕಿ ಕಂಪನಿಯ ಲ್ಯಾಬಿಗೇ ಹೋದಳು. ಬೀಗ ಹಾಕಿದ ಖಾಲಿ ಕೋಣೆ ಇರಬಹುದೆಂದು ಎಣಿಸಿದ್ದಳು. ಇದ್ದದ್ದು ಎ.ಸಿ. ಹಾಕಿದ ದೊಡ್ಡ ಕೊಠಡಿ, ಅವಳು ಚಿತ್ರದಲ್ಲಷ್ಟೇ ಕಂಡಿದ್ದ ಮಷಿನ್ನುಗಳು. ಮ್ಯಾನೇಜರ್ ಗುರುಪ್ರಕಾಶ್ ಕಾಫಿ ತರಿಸಿದ.

"ಮಷಿನ್ ಸುಳ್ಳು ಹೇಳಲ್ಲ ಮೇಡಂ."

"ಮಷಿನ್ ಮಾತು ಬಿಡಿ ಸಾರ್. ಬಿಸಿಲಲ್ಲಿ ಕೆಟ್ಟೋದ ರಕ್ತ ಬಂದ್ರೆ ಏನ್ ಮಾಡ್ತೀರಾ?"

"ರಿಜೆಕ್ಟ್ ಮಾಡಿ, ಮತ್ತೆ ಕಳಿಸಿ ಅಂತೀವಿ."

"ಎರಡು ವರ್ಷದಲ್ಲಿ ನಮ್ ಸೆಂಟರ್‌ಗೆ ಒಂದ್ಸಲನೂ ಮತ್ತೆ ಕಳಿಸಿ ಅಂದಿಲ್ವಲ್ಲ ಸಾರ್?"

ಗುರುಪ್ರಕಾಶ್ ಯಾವುದೋ ಫೋನು ಬಂದವನಂತೆ ಎದ್ದು ಹೊರಗೆ ಹೋದ. ಕಾಫಿ ಆರುವವರೆಗೂ ಕಾದಳು, ಅವನು ಬರಲಿಲ್ಲ.

ಜಿಲ್ಲಾ ಆರೋಗ್ಯಾಧಿಕಾರಿಗೆ ದೂರು ಬರೆದದ್ದು ಅವಳು. ಕೆಳಗೆ ಮೊದಲ ಸಹಿ ಹಾಕಿದ್ದು ಅನಂತರಾಜು. ವಿಚಾರಣೆಗೆ ಬಂದವರು ಎರಡು ತಿಂಗಳು ತೆಗೆದುಕೊಂಡರು. ಇಪ್ಪತ್ನಾಲ್ಕು ಗಂಟೆಯೊಳಗೆ ರಿಪೋರ್ಟು ಕೊಡಬೇಕೆಂಬ ಕರಾರಿತ್ತು. ಮತ್ತೆ ರಕ್ತ ತರಿಸಿದರೆ ಗಡುವು ಮೀರುತ್ತದೆಂದು ಕೆಟ್ಟ ಟ್ಯೂಬುಗಳಿಗೆ ಯಾರೂ ಅನುಮಾನಿಸದಂಥ ಒಂದು ಅಂಕಿ ತುಂಬಿ ಕಳಿಸಲಾಗಿತ್ತು. ತುಂಬಿದವರು ಯಾರೆಂದು ವರದಿಯಲ್ಲಿ ಇರಲಿಲ್ಲ. ಕಂಪನಿ ಇಬ್ಬರನ್ನು ಕೆಲಸದಿಂದ ತೆಗೆಯಿತು. ಒಬ್ಬ ಶಿವರಾಜ್.

ಗುಬ್ಬಿ ಬಸ್‌ಸ್ಟ್ಯಾಂಡಿನಲ್ಲಿ ಅವನು ಸಿಕ್ಕಿದ. ಕುಣಿಗಲ್ಲಿನಲ್ಲಿ ಆಟೋ ಓಡಿಸುವ ಯೋಚನೆಯಲ್ಲಿದ್ದ. "ಕಂಪ್ನಿಯೋರ್ನ ಐಸ್ ಕೇಳಿ ಕೇಳಿ ಸಾಕಾಗಿತ್ತು ಅಕ್ಕ. ನಂಬರ್ ಹಾಕ್ದೋನು ನಾನಲ್ಲ." ನಂಬಬೇಕೋ ಬೇಡವೋ ಅವಳಿಗೆ ತಿಳಿಯಲಿಲ್ಲ. ಖಾಲಿ ಪೆಟ್ಟಿಗೆ ಕಂಡ ದಿನವೇ ತಾನು ಬರೆದು ತಿಳಿಸಿದ್ದರೆ ಎನ್ನುವುದು ಮಾತ್ರ ಚುಚ್ಚಿತು.

ಅದೇ ಕಂಪನಿ ಈಗಲೂ ಇದೆ. ಬೈಕಿನ ಬದಲು ತಂಪು ಪೆಟ್ಟಿಗೆಯ ವ್ಯಾನು ಬರುತ್ತದೆ. ಬಸುರಿಯರ ಹಿಮೋಗ್ಲೋಬಿನ್ ಪರೀಕ್ಷೆ ಮಾತ್ರ ಉಮಾಮಹೇಶ್ವರಿಯ ಕೋಣೆಗೆ ವಾಪಸು ಬಂದಿದೆ.

ಮೊನ್ನೆ ಹೊಂಬಾಳಮ್ಮ ತನ್ನದೇ ಥೈರಾಯ್ಡ್ ರಿಪೋರ್ಟು ಹಿಡಿದು ಬಂದಿದ್ದಳು. ಎಲ್ಲ ಸರಿಯಿದೆ ಎಂದು ಅಚ್ಚಾಗಿತ್ತು.

"ಇದ್ ನಿಜವಾ ತಾಯಿ? ನೀನೇ ಒಂದ್ಸಲ ನೋಡ್‌ಬುಡು."

"ಅದನ್ನ ನೋಡೋ ಮಷಿನ್ ನನ್ ಹತ್ರ ಇಲ್ಲ ಕಣಮ್ಮ."

"ಮತ್ತೆ ನಂಬೋದಾ ಬೇಡ್ವಾ?"

ಹೊರಗೆ ಇನ್ನೂ ಐದಾರು ಜನ ಕಾಗದ ಹಿಡಿದು ಕಾಯುತ್ತಿದ್ದರು. ಉಮಾಮಹೇಶ್ವರಿ ಆ ಹಾಳೆಯನ್ನು ಎರಡು ಸಲ ಓದಿದಳು. "ಹದಿನೈದು ದಿನ ಬಿಟ್ಟು ಇನ್ನೊಂದ್ಸಲ ರಕ್ತ ಕೊಡು, ಎರಡೂ ತಾಳೆ ಆಗುತ್ತಾ ನೋಡೋಣ" ಎಂದಳು.