ರಾಗಿ ಬೀಸಿ ಪಾಸಾದದ್ದು

ಮೊನ್ನೆ ನನ್ನ ಸೊಸೆ ಮೊಮ್ಮಗಳ ಪರೀಕ್ಷೆಗೆಂದು ನೆನಪಿನ ಶಕ್ತಿಯ ಟಾನಿಕ್ ತಂದಳು. ಮುಚ್ಚಳ ತೆಗೆದದ್ದೇ ತಡ, ಬಜೆಯ ವಾಸನೆ ಗಪ್ಪೆಂದು ಮೂಗಿಗೆ ಬಡಿಯಿತು. ಅಯ್ಯೋ, ನಾನು ನೆಕ್ಕಿದಷ್ಟು ಬಜೆ ಯಾರೂ ನೆಕ್ಕಿಲ್ಲ ಬಿಡಿ. ಐವತ್ತರ ದಶಕದ ಗುಂಡ್ಲುಪೇಟೆಯಲ್ಲಿ ಹುಡುಗಿಯೊಬ್ಬಳು ಲೋವರ್ ಸೆಕೆಂಡರಿ ಪರೀಕ್ಷೆಗೆ ಕಟ್ಟಿದರೆ ಬೀದಿಯವರೆಲ್ಲ ಪಂಡಿತರಾಗುತ್ತಿದ್ದರು. ಒಬ್ಬರು ಜೇನಿನಲ್ಲಿ ಬಜೆ ತೇದು ನಾಲಿಗೆಗೆ ಹಚ್ಚಿದರು, ಇನ್ನೊಬ್ಬರು ಒಂದೆಲಗದ ಚಟ್ನಿ ಕಳಿಸಿದರು. ಚಟ್ನಿಯ ರುಚಿ ಇವತ್ತಿಗೂ ನೆನಪಿದೆ. ಓದಿದ್ದು ಮಾತ್ರ ಒಂದಕ್ಷರ ತಲೆಯಲ್ಲಿ ನಿಲ್ಲಲಿಲ್ಲ.

ನಿಲ್ಲದಿದ್ದರೆ ಗತಿ ಏನು ಗೊತ್ತೆ? ಪಾಸಾದರೆ ಹೈಸ್ಕೂಲು, ಫೇಲಾದರೆ ಆ ಬೇಸಿಗೆಯಲ್ಲೇ ಕುದೇರಿನ ಸೋದರಮಾವನ ಜೊತೆ ಮದುವೆ ಎಂದು ಅಪ್ಪ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು. ಮಾವ ಕೆಟ್ಟವನಲ್ಲ. ಆದರೆ ಅವನು ಉಂಡು ತೇಗಿದರೆ ಕೊಟ್ಟಿಗೆಯ ಎಮ್ಮೆ ತಿರುಗಿ ನೋಡುತ್ತಿತ್ತು. ಅವನ ತಾಯಿ, ಅಂದರೆ ನನ್ನ ಅಮ್ಮನ ತಾಯಿ, ಸೊಸೆಯಾಗುವವಳಿಗೆ ಕೆಲಸ ಕಲಿಸಬೇಕೆಂದು ಮೊದಲೇ ಬಂದು ನಮ್ಮ ಮನೆಯಲ್ಲಿ ಠಿಕಾಣಿ ಹೂಡಿದ್ದಳು. ಬೆಳಗಾದರೆ ಸಾಕು, "ಬಾ ಕಣಮ್ಮಿ, ರಾಗಿ ಬೀಸನ" ಎಂದು ಎಳೆದು ಕೂರಿಸುತ್ತಿದ್ದಳು.

ಎದುರುಬದುರು ಕೂತು, ಇಬ್ಬರೂ ಒಂದೇ ಗೂಟ ಹಿಡಿದು ಕಲ್ಲು ತಿರುಗಿಸಬೇಕು. ಅಜ್ಜಿ ಬೀಸುವ ಪದ ಹೇಳುತ್ತಿದ್ದಳು. ನನಗೆ ಪದ ಎಲ್ಲಿಂದ ಬರಬೇಕು, ಪರೀಕ್ಷೆಯ ದಿಗಿಲು! ಒಂದು ದಿನ ಅವಳ ರಾಗಕ್ಕೇ ಕಾವೇರಿಯ ಉಪನದಿಗಳನ್ನು ಜೋಡಿಸಿ ಹಾಡಿಬಿಟ್ಟೆ. ಅಜ್ಜಿಗೆ ಅದು ಹಿಡಿಸಿಬಿಟ್ಟಿತು.

ಅವಳಿಗೆ ಅಕ್ಷರ ಬಾರದು. ಆದರೆ ನಾನು ತಡವರಿಸಿದರೆ ಗೂಟದ ಮೇಲಿನ ಕೈ ಸಡಿಲವಾಗಿ ಅವಳಿಗೆ ತಿಳಿದುಹೋಗುತ್ತಿತ್ತು. "ಕಲ್ಲು ಭಾರ ಆಯ್ತು, ಮರ್ತಿದ್ದೀಯ. ಮೊದ್ಲಿಂದ ಏಳು" ಎನ್ನುವಳು. ಹಕಾರ ಅವಳ ನಾಲಿಗೆಗೆ ಹೊರಳದು, 'ಹೇಳು' ಅವಳ ಬಾಯಲ್ಲಿ 'ಏಳು'. ಒಂದು ಕೈ ಗೂಟಕ್ಕೆ, ಒಂದು ಕೈ ರಾಗಿಗೆ. ಪುಸ್ತಕ ಇಣುಕುವ ಮಾತೇ ಇಲ್ಲ. ಸಾಲದ್ದಕ್ಕೆ, "ಮೊನ್ನೆ ಮಳೆ ಬೀಳೋ ಪಾಠ ಏಳ್ದಲ್ಲ, ಅದ ಏಳು" ಎಂದು ಹಳೆಯದನ್ನೂ ಕೆದಕುವಳು.

ಮನೆಯ ರಾಗಿ ಮುಗಿಯಿತು, ಭೂಗೋಳ ಮುಗಿಯಲಿಲ್ಲ. ಅಜ್ಜಿ ಮೊರ ಹಿಡಿದು ಪಕ್ಕದ ಮನೆಗೆ ಹೋದಳು. "ನಮ್ಮುಡ್ಗಿಗೆ ಇಂಗಾರು ಮಳೆ ಇನ್ನೂ ಬಾಕಿ ಅದೆ ಕಣವ್ವ. ನಿಮ್ಮನೆ ರಾಗಿ ಕೊಡು, ಬೀಸ್ಕೊಡ್ತೀವಿ." ಯಾರು ಬೇಡ ಎನ್ನುತ್ತಾರೆ? ವಿಜ್ಞಾನ ಮುಗಿಯುವ ಹೊತ್ತಿಗೆ ಬೀದಿಗೆ ಬೀದಿಯೇ ನಮ್ಮ ಹಿಟ್ಟಿನ ಮುದ್ದೆ ಉಣ್ಣುತ್ತಿತ್ತು.

ಪರೀಕ್ಷೆ ಚಾಮರಾಜನಗರದಲ್ಲಿ. ಬಸ್ಸಿನಲ್ಲಿ ಕರೆದುಕೊಂಡು ಹೋದವನು ಯಾರು ಅಂತೀರಿ? ಮದುವೆಗಂಡೇ! ಚೆನ್ನಾಗಿ ಬರಿ ಎನ್ನಲಾರದೆ, ಕೆಡಿಸಿಕೋ ಎನ್ನಲೂ ಆಗದೆ, "ಒಟ್ನಲ್ಲಿ ಬರಿಯಮ್ಮಿ" ಎಂದು ಗೇಟಿನಲ್ಲೇ ನಿಂತ. ಒಳಗೆ ಪ್ರಶ್ನೆ ನೋಡಿದರೆ ತಲೆ ಖಾಲಿ. ಕೈ ಆಡದಿದ್ದರೆ ನನಗೆ ಏನೂ ಹೊಳೆಯದಲ್ಲ! ಎಡಗೈಯನ್ನು ಡೆಸ್ಕಿನ ಕೆಳಗೆ ಸುತ್ತಿಸತೊಡಗಿದೆ. ಬಂದವು ನೋಡಿ ಉಪನದಿಗಳು, ಒಂದರ ಹಿಂದೊಂದು. ಅಷ್ಟರಲ್ಲಿ ಮೇಲ್ವಿಚಾರಣೆಯ ಮೇಷ್ಟ್ರು ಬಂದು ನಿಂತರು.

"ಏನದು ಕೈಲಿ?"

"ಏನಿಲ್ಲ ಸಾರ್, ಬೀಸ್ತಾ ಇದೀನಿ."

"ಏನನ್ನ?"

"ರಾಗಿ ಸಾರ್."

ಅವರು ಬಗ್ಗಿ ಡೆಸ್ಕಿನ ಕೆಳಗೆ ನೋಡಿದರು. ಆಮೇಲೆ ನನ್ನ ಮುಖ ನೋಡಿದರು. "ಸರಿ, ಸದ್ದು ಮಾಡದೆ ಬೀಸು" ಎಂದು ಹೊರಟುಹೋದರು.

ಪಾಸಾದೆ. ಸುದ್ದಿ ತಂದವನೂ ಮಾವನೇ. ಮುಖ ಸಣ್ಣಗೆ ಮಾಡಿಕೊಂಡು, "ಅವ್ವಾ, ನೀನೇ ಬೀಸಿ ಬೀಸಿ ಪಾಸ್ ಮಾಡ್ಬುಟ್ಟೆ" ಎಂದ.

"ಊ ಕಣ್ಲಾ," ಎಂದಳು ಅಜ್ಜಿ. "ಒಂದೊಂದು ಸುತ್ತಿಗೂ ನಿನ್ನ ಎಡ್ತಿ ದೂರ ಓಯ್ತಾವ್ಳೆ ಅಂತ ಗೊತ್ತಿದ್ದೇ ಬೀಸ್ದೆ. ಏನ್ ಮಾಡ್ಲಿ, ಉಡ್ಗಿ ಅಷ್ಟು ಚೆನ್ನಾಗಿ ಏಳ್ತಿದ್ಲು. ನಡಿ, ಬ್ಯಾರೆ ಎಣ್ಣ ನೋಡನ."

ನಾನು ಅಂಗಳದಲ್ಲಿ ಕುಣಿಯುತ್ತಿದ್ದೆ. ನನ್ನನ್ನು ಕರೆದುಕೊಂಡು ಹೋಗಲೆಂದು ಬಂದವಳು ಮಗನೊಬ್ಬನನ್ನೇ ಕರೆದುಕೊಂಡು ಬಸ್ಸು ಹತ್ತಿದಳು. ಆಗ ನನಗದು ಹೊಳೆಯಲಿಲ್ಲ. ಮೊನ್ನೆ ಟಾನಿಕ್ಕಿನ ಮುಚ್ಚಳ ಮುಚ್ಚಿಟ್ಟು ಎದ್ದೆ.

ಕೋಣೆಯಲ್ಲಿ ಮೊಮ್ಮಗಳು ಒಬ್ಬಳೇ ಗೊಣಗೊಣ ಓದುತ್ತಿದ್ದಳು. ಸ್ಟೂಲು ಎಳೆದುಕೊಂಡು ಎದುರಿಗೆ ಕೂತೆ, ಪುಸ್ತಕ ಮುಚ್ಚಿಸಿದೆ.

"ಹೇಳು."

"ಅಜ್ಜೀ, ಇದು ಫಿಸಿಕ್ಸು. ನಿಮಗೇನು ಗೊತ್ತಾಗುತ್ತೆ?"

"ಪಾಠ ಗೊತ್ತಾಗದಿದ್ದರೆ ಬೇಡ ಕಣಮ್ಮಿ. ನೀನು ಎಲ್ಲಿ ನಿಲ್ತೀಯ ಅಂತ ಗೊತ್ತಾದರೆ ಸಾಕು."

ಮೂರನೆಯ ವಾಕ್ಯಕ್ಕೇ ನಿಂತಳು.